ನಗರದ ಲೆಕ್ಕಕ್ಕೆ ಸೇರಿದ ಊರು

ಕಾಲೇಜು ಫುಟ್‌ಬಾಲಿನ ದೊಡ್ಡ ಲೀಗ್ ಪಕ್ಕದ ನಗರದ ವಿಶ್ವವಿದ್ಯಾಲಯವನ್ನು ಸೇರಿಸಿಕೊಂಡಿದೆ ಎಂದು ವ್ಯಾನಿನ ಹಿಂದೆ ಇಟ್ಟ ಟೀವಿ ಹೇಳಿದಾಗ, ಮ್ಯಾಚಿಗೆ ಮುಂಚೆ ಸ್ಟೇಡಿಯಂ ಹೊರಗೆ ಆರ್ವಿಲ್ ಸಾಸೇಜು ಸುಡುತ್ತಿದ್ದ. ತನ್ನೂರಿನ ವಿಶ್ವವಿದ್ಯಾಲಯವನ್ನು ಕೇಳಿದವರೇ ಇಲ್ಲ. ಅವನು ಕೆಂಡ ಕೆದಕುತ್ತ ಗೊಣಗಿದ, "ಅವರ ಮ್ಯಾಚನ್ನ ನಾಯೀನೂ ಮೂಸಲ್ಲ. ನಮ್ಮಲ್ಲಿ ಹಿಮ ಸುರಿದ್ರೂ ಸೀಟು ಸಿಗಲ್ಲ."

ಬಾಮೈದ ಮರ್ಲ್ ನಗರದ ಟೀವಿ ಚಾನೆಲ್ಲಿನಲ್ಲಿ ಜಾಹೀರಾತು ಮಾರುವವನು. ಬೇಕೆಂದೇ ನಗರದ ತಂಡದ ನೇರಳೆ ಟೋಪಿ ಹಾಕಿಕೊಂಡು ಬಂದಿದ್ದ. "ಸೀಟು ಯಾರಿಗೆ ಬೇಕು ಭಾವ? ನಮ್ಮ ಚಾನೆಲ್ ಬರೋ ಕಡೆಯೆಲ್ಲ ಎಷ್ಟು ಮನೇಲಿ ಫುಟ್‌ಬಾಲ್ ನೋಡ್ತಾರೆ, ಲೀಗಿನವರು ಎಣಿಸೋದು ಅದನ್ನ."

"ನಿಮ್ಮ ನಗರದವರು ಶನಿವಾರ ಬಂತು ಅಂದ್ರೆ ಕೆರೆಗೆ ದೋಣಿ ಇಳಿಸ್ತಾರೆ. ಫುಟ್‌ಬಾಲ್ ನೋಡೋರು ಯಾರೋ?"

ಮರ್ಲ್ ಸಾಸೇಜಿಗೆ ಸಾಸಿವೆ ಸಾಸ್ ಸವರುತ್ತ ನಕ್ಕ. "ನೀವೇ. ಈ ಊರಲ್ಲಿ ಬೇರೆ ಚಾನೆಲ್ ಎಲ್ಲಿದೆ? ನಿಮ್ಮ ಮನೆಗಳೆಲ್ಲ ನಮ್ಮ ನಗರದ ಲೆಕ್ಕಕ್ಕೇ ಸೇರಿರೋದು."

ಆರ್ವಿಲ್ ತಲೆಯೆತ್ತಿ ನೋಡಿದ. ಸಾಲುಸಾಲು ವ್ಯಾನುಗಳು, ಪ್ರತಿ ವ್ಯಾನಿನ ಹಿಂದೆ ಒಂದು ಟೀವಿ, ಎಲ್ಲದರಲ್ಲೂ ಮರ್ಲ್‌ನ ಚಾನೆಲ್ಲು. ಅವನು ಇಕ್ಕಳ ಚಾಚಿ, ಮರ್ಲ್‌ನ ತಟ್ಟೆಯಲ್ಲಿದ್ದ ಸಾಸೇಜನ್ನು ವಾಪಸ್ ಎತ್ತಿಕೊಂಡ.