ಗಡಿಗೆಯೊಳಗಿನ ಫೋನು

"ಇನ್ನೊಮ್ಮೆ ಕೇಳತೀನಿ, ಅಗೀಲೇನ್ರಿ ವೈನಿ?" ಎಂದ ಹಾಲಸಿದ್ದಪ್ಪ. ಅವನ ಸಲಿಕೆಯ ತುದಿ ಅಣ್ಣ ಜಕ್ಕಪ್ಪನ ಗೋರಿಯ ಮೇಲಿತ್ತು.

"ಅಗಿ," ಎಂದಳು ಜಕ್ಕಪ್ಪನ ಹೆಂಡತಿ ಶೇವಂತಿ.

ಗಲಗಲಿಯ ಹೊಲ ಹಿನ್ನೀರಿಗೆ ಹೋದಾಗ ಬಂದ ಪರಿಹಾರ ಎರಡು ಲಕ್ಷ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಬೀಳಗಿಯ ಬ್ಯಾಂಕಿನಲ್ಲಿತ್ತು. ಅದರಲ್ಲೇ ಮನೆ ಕಟ್ಟಬೇಕಿತ್ತು. ಮಗಳು ಮಾಲಾಳೊಂದಿಗೆ ತಗಡಿನ ಶೆಡ್ಡಿನಲ್ಲಿ ದಿನ ದೂಡಿ ಶೇವಂತಿಗೆ ಸಾಕುಸಾಕಾಗಿತ್ತು. ನಿನ್ನೆ ಹೋಗಿ ನೋಡಿದರೆ ಉಳಿದದ್ದು ಮುನ್ನೂರು ರೂಪಾಯಿ.

"ಎಲ್ಲಾ ನಿಮ್ಮ ಯಜಮಾನ್ರ ನಂಬರಿನ ಪೇಮೆಂಟ್ ಆ್ಯಪ್‌ನಿಂದ ಹೋಗೇತ್ರಿ, ಹದಿನೈದು ದಿನದಾಗ," ಎಂದಿದ್ದ ಬ್ಯಾಂಕಿನವನು. ಯಜಮಾನರು ಮಣ್ಣಿಗೆ ಹೋಗಿ ವರ್ಷವಾಗಿತ್ತು. ಬ್ಯಾಂಕಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಆ ಆ್ಯಪ್ ಎಂದರೆ ಜಕ್ಕಪ್ಪನಿಗೆ ಹುಚ್ಚು. ಕುರಿ ಮಾರಿದ ಹಣವೂ ಅದರಲ್ಲೇ, ಚಹಾದ ಹಣವೂ ಅದರಲ್ಲೇ. "ಫೋನ್ ಒಡೀಲಿ, ಕಳೀಲಿ, ನಂಬರ್ ಒಂದಿದ್ರ ರೊಕ್ಕ ಎಲ್ಲೂ ಹೋಗಂಗಿಲ್ಲ," ಎಂದು ಕೊಚ್ಚಿಕೊಳ್ಳುತ್ತಿದ್ದ. ಸತ್ತವನ ಪ್ರೀತಿಯ ವಸ್ತು ಅವನ ಜೊತೆಗೇ ಹೋಗಬೇಕಲ್ಲ. ತಂಬಾಕಿನ ಚಂಚಿಯೊಂದಿಗೆ ಫೋನನ್ನೂ ಗಡಿಗೆಯಲ್ಲಿಟ್ಟು ತಲೆಯ ಬಳಿ ಹೂತವನು ಹಾಲಸಿದ್ದಪ್ಪನೇ. ಇಟ್ಟನೋ, ಇಟ್ಟಂತೆ ಮಾಡಿದನೋ? ಮೊನ್ನೆ ಅವನು ಹೊಸ ಬೈಕು ಬೇರೆ ತಂದಿದ್ದ. ಸತ್ತವನ ಫೋನಿಗೆ ಶೇವಂತಿಯಂತೂ ರೀಚಾರ್ಜ್ ಮಾಡಿಸಿರಲಿಲ್ಲ; ಅದಿನ್ನೂ ನಡೆಯುತ್ತಿದ್ದರೆ ಮಾಡಿಸಿದವನು ಇವನೇ ತಾನೆ?

ಸಲಿಕೆಗೆ ಗಡಿಗೆ ತಾಗಿತು. ಹಾಲಸಿದ್ದಪ್ಪ ಕೈಯಿಂದ ಮಣ್ಣು ಸರಿಸಿ ಅದನ್ನೆತ್ತಿ ಅವಳ ಮುಂದಿಟ್ಟ. ಚಂಚಿ ಕೊಳೆತಿತ್ತು. ಅದರಡಿ ಫೋನಿತ್ತು, ಜಕ್ಕಪ್ಪ ಸುತ್ತಿದ್ದ ಕೆಂಪು ರಬ್ಬರ್ ಬ್ಯಾಂಡ್ ಸಮೇತ. ಹಿಂಬದಿ ಬಿಚ್ಚಿ ತೋರಿಸಿದ. ಸಿಮ್ಮೂ ಇತ್ತು.

"ನನ್ನ ಕೈಲೇ ಅಣ್ಣನ ಮಣ್ಣು ಕೆದರಿಸಿದ್ರಿ," ಎಂದ. ಅವನು ಅಳುತ್ತಿದ್ದ. "ಇನ್ನ ನಿಮ್ಮ ಹೊಸ್ತಿಲಾ ತುಳಿಯಂಗಿಲ್ಲ."

ಭೂಮಿ ಬಾಯಿಬಿಟ್ಟು ತನ್ನನ್ನೂ ನುಂಗಬಾರದೇ ಎನಿಸಿತು ಶೇವಂತಿಗೆ. ಹಾಗಾದರೆ ಹಣ ತೆಗೆದವರು ಯಾರು? ವರ್ಷದಿಂದ ಮುಟ್ಟದ ಆ ನಂಬರನ್ನು ತನ್ನ ಫೋನಿನಲ್ಲಿ ಒತ್ತಿದಳು. ಗಡಿಗೆಯ ಫೋನು ಸುಮ್ಮನಿತ್ತು. ಅವಳ ಕಿವಿಯಲ್ಲಿ ಮಾತ್ರ ರಿಂಗಾಗುತ್ತಿತ್ತು.

"ನಿಮಗೂ ಜಕ್ಕಪ್ಪನ ಬೇಕೇನ್ರಿ?" ಎಂದಿತು ಗುರುತಿಲ್ಲದ ಗಂಡಸಿನ ದನಿ. "ಕಂಪನಿಯವ್ರು ಹೋದ ತಿಂಗಳ ಈ ನಂಬರ್ ನನಗ ಕೊಟ್ಟಾರ."