ಹಲ್ಲಿ ನುಡಿದ ರಾತ್ರಿ

ದೇವರ ಕೋಣೆಯಲ್ಲಿ ಟಿಕ್ ಎಂದಿತು. ಕತ್ತಲಲ್ಲಿ ಹೊರಳಾಡುತ್ತಿದ್ದ ಪಂಪಮ್ಮ ಗಕ್ಕನೆ ಎದ್ದು ಕುಳಿತು, ನೆಲಕ್ಕೆ ಬೆರಳ ಗಿಣ್ಣು ಬಡಿದಳು. "ಶಿವಶಿವಾ! ಕೇಳಿದೇನ್ ಸುನಿತಾ? ನಾಳಿ ನನ್ನ ಮಗನ ಎದಿ ಆಪರೇಷನ್ ಚಲೋ ಆಗ್ತೈತಿ ಅನ್ಕೊಂಡೆ, ಹಲ್ಲಿ ನುಡೀತು ನೋಡು!"

ಅದು ಹಲ್ಲಿಯಲ್ಲವೆಂದು ಸೊಸೆಗೆ ಗೊತ್ತಿತ್ತು. ಯಾರೂ ಮುಟ್ಟದ ಜಾಗವೆಂದು ಗಂಡ ತಿಪ್ಪೇಶನೇ ವೈರ್‌ಲೆಸ್ ಹಾರ್ಡ್ ಡಿಸ್ಕನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದ. ಅವನ ಸಂಡೂರು ಗಣಿಯ ನಕ್ಷೆ, ಅವಳ ಕಾಲೇಜು ಪಾಠ ತುಂಬಿದ ಎರಡೂ ಲ್ಯಾಪ್‌ಟಾಪ್‌ಗಳನ್ನು ಅದು ರಾತ್ರಿ ವೈಫೈನಲ್ಲೇ ನಕಲು ಮಾಡಿಕೊಳ್ಳುತ್ತ ಆಗಾಗ ಟಿಕ್ ಎನ್ನುತ್ತಿತ್ತು. ಅವನು ಬಳ್ಳಾರಿಯ ಆಸ್ಪತ್ರೆ ಸೇರಿದಂದಿನಿಂದ ಅತ್ತೆಗೆ ನಿದ್ದೆಯಿಲ್ಲ. ಈ ಸದ್ದಾದರೂ ನಿಲ್ಲಲೆಂದು ಸುನಿತಾ ಅದನ್ನು ಆರಿಸಲು ಎದ್ದಳು.

"ಲೈಟ್ ಹಾಕಬ್ಯಾಡವ್ವಾ, ಓಡಿ ಹೋಗ್ತೈತಿ. ನಿನ್ನ ಕಂಪ್ಯೂಟರ್ ಓದಿಗೆ ಇದೆಲ್ಲಾ ತಿಳಿಯಂಗಿಲ್ಲ" ಎಂದು ಪಂಪಮ್ಮ ಮಗ್ಗುಲಾದಳು. ತುಸು ಹೊತ್ತಿಗೆ ಅವಳ ಗೊರಕೆ ಕೇಳಿಸಿತು.

ಸುನಿತಾಳ ಬೆರಳು ಡಿಸ್ಕಿನ ಸ್ವಿಚ್ಚಿನ ಮೇಲೇ ನಿಂತಿತು. "ಅವರು ಮನೀಗೆ ಬರ್ತಾರಲ್ಲ?" ಎಂದು ಬಾಯಿ ತಾನಾಗಿ ಪಿಸುಗುಟ್ಟಿತು. ಸದ್ದಿಲ್ಲ. ಹಸಿರು ದೀಪ ಮಿಣುಕುತ್ತಿತ್ತು. ಅವಳು ಉಸಿರು ಹಿಡಿದು ಕಾದಳು. ಟಿಕ್. ಅವಳ ಗಿಣ್ಣು ಮೆಲ್ಲಗೆ ಗೋಡೆಯನ್ನು ಬಡಿಯಿತು. ಸದ್ದು ಯಾವುದರದೆಂದು ಅತ್ತೆಗೂ, ತಾನು ಅದನ್ನು ಏನು ಕೇಳಿದೆನೆಂದು ತಿಪ್ಪೇಶನಿಗೂ ಎಂದೆಂದಿಗೂ ಹೇಳಬಾರದೆಂದುಕೊಂಡು ಸ್ವಿಚ್ಚಿನಿಂದ ಕೈ ತೆಗೆದಳು.