ಅಜ್ಜಿ ನೋಡಿದ ಗೇಮ್

ಬಿಸಿಯಾದ ವಿಡಿಯೋ ಗೇಮ್ ಪೆಟ್ಟಿಗೆಯ ಧೂಳಿನ ವಾಸನೆ ಇವತ್ತಿಗೂ ನನ್ನನ್ನು ನೈರೋಬಿಯ ಪಂಗಾನಿ ಬಡಾವಣೆಯ ನಮ್ಮ ಹಳೆಯ ಫ್ಲ್ಯಾಟಿಗೆ ಕರೆದೊಯ್ಯುತ್ತದೆ.

ಒಂದು ಮಧ್ಯಾಹ್ನ ಗೇಮಿನಲ್ಲಿ ನನ್ನ ಯೋಧ ಒಂದೇ ಸೇತುವೆಯಿಂದ ಹತ್ತು ಸಲ ಬಿದ್ದು ಸತ್ತಿದ್ದ. ಮೈಸೂರಿನಿಂದ ಬಂದಿದ್ದ ಅಜ್ಜಿ ಬಟಾಣಿ ಸುಲಿಯುತ್ತಾ ನೋಡುತ್ತಿದ್ದರು.

"ನಿಜವಾದ ಮನುಷ್ಯರನ್ನ ಹಾಕಿ ಇದನ್ನ ಸಿನಿಮಾ ಮಾಡ್ಬೇಕು ಕಣೋ. ಇವನು ಸತ್ರೆ ಮನೇಲಿ ಅಳೋರು ಯಾರು?"

"ನೋಬಡಿ, ಅಜ್ಜಿ. ಇಟ್ಸ್ ಜಸ್ಟ್ ಎ ಗೇಮ್."

"ಹಾಗಾದ್ರೆ ಸಿನಿಮಾ ಓಡಲ್ಲ ಬಿಡು."

ನನಗೆ ರೇಗಿತು. ಗೇಮ್ ಶುರುವಾಗುವ ಹಳ್ಳಿಯ ಬಾವಿಕಟ್ಟೆಯಲ್ಲಿ ಒಬ್ಬಳು ಮುದುಕಿ ಇದ್ದಳು. ನಾನು ಅವಳನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ. ಯೋಧನನ್ನು ಅಷ್ಟು ದೂರ ವಾಪಸ್ ನಡೆಸಿ, ಅವಳೆದುರು ನಿಲ್ಲಿಸಿ, ಬಟನ್ ಒತ್ತಿದೆ. ಪರದೆಯಲ್ಲಿ ಇಂಗ್ಲಿಷ್ ಸಾಲೊಂದು ಮೂಡಿತು.

"ಏನಂತಾಳೆ?" ಎಂದರು ಅಜ್ಜಿ.

"ಊಟ ಮಾಡ್ಕೊಂಡು ಹೋಗು ಅಂತಿದಾಳೆ," ಎಂದೆ, ಕನ್ನಡದಲ್ಲೇ.

ಅಜ್ಜಿ ಬಟಾಣಿಯಿಂದ ತಲೆ ಎತ್ತಲಿಲ್ಲ.

"ಈಗ ಓಡತ್ತೆ."